ಕೇಜ್‌ನೊಳಗಿನ ಆಟಗಾರನಿಗೆ ಊರಿನಲ್ಲಿ ಹೆಸರು ಕಟ್ಟುವುದು ಹೇಗೆ: ರೆಸ್ಲಿಂಗ್‌ನಿಂದ ಎಂಎಂಎ ಕಲಿಯಬೇಕಾದದ್ದು

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದಂತಹ ಊರುಗಳಲ್ಲಿ ಎಂಎಂಎ, ಅಂದರೆ ಕೇಜ್ ಎಂಬ ಜಾಲರಿಯ ಅಂಕಣದೊಳಗೆ ಗುದ್ದು, ಒದೆತ, ಕುಸ್ತಿ ಬೆರೆಸಿ ಆಡುವ ಮಿಶ್ರ ಸಮರ ಕಲೆ, ಕಲಿಸುತ್ತಿರುವ ಕೋಚ್‌ಗಳಿಗಾಗಿ ಮತ್ತು ಅಲ್ಲಿಯೇ ಸಣ್ಣ ಪ್ರಮಾಣದಲ್ಲಿ ಪಂದ್ಯ ಏರ್ಪಡಿಸಬೇಕೆಂದಿರುವ ಸಂಘಟಕರಿಗಾಗಿ ಈ ಬರಹ. ಆಟ ಕಲಿಸುವುದು ಅವರಿಗೆ ಗೊತ್ತು. ಆಟಗಾರನನ್ನು ಊರಿಗೆ ಪರಿಚಯಿಸುವುದು ಬೇರೆಯದೇ ವಿದ್ಯೆ. ಹುಡುಗನೊಬ್ಬ ಬೆಂಗಳೂರಿಗೆ ಹೋಗಿ ಗೆದ್ದು ಬರುತ್ತಾನೆ, ಪದಕ ಹಿಡಿದು ನಿಂತ ಫೋಟೊ ಒಂದು ದಿನ ವಾಟ್ಸ್‌ಆ್ಯಪ್ ಸ್ಟೇಟಸ್‌ನಲ್ಲಿ ಇರುತ್ತದೆ, ಅಲ್ಲಿಗೆ ಆ ಗೆಲುವಿನ ಆಯುಷ್ಯ ಮುಗಿಯುತ್ತದೆ. ಮುಂದಿನ ಪಂದ್ಯಕ್ಕೆ ಟಿಕೆಟ್ ಕೊಂಡು ಬರುವವರು ಅವನ ಮನೆಯವರು ಮತ್ತು ಜಿಮ್ಮಿನ ಗೆಳೆಯರಷ್ಟೇ.

ಗೆದ್ದರೆ ಹೆಸರು ತಾನಾಗಿಯೇ ಬರುತ್ತದೆ ಎಂಬ ನಂಬಿಕೆ ಈ ಆಟದಲ್ಲಿ ಆಳವಾಗಿ ಬೇರೂರಿದೆ. ಅದು ನಿಜವಲ್ಲವೆಂಬುದಕ್ಕೆ ಅಮೆರಿಕದ ಎಂಎಂಎ ಸಂಸ್ಥೆ ಯುಎಫ್‌ಸಿಯೇ ಸಾಕ್ಷಿ. ಡಿಮೆಟ್ರಿಯಸ್ ಜಾನ್ಸನ್ ಅಲ್ಲಿನ ಫ್ಲೈವೇಟ್ (ಹಗುರ ತೂಕದವರ ವಿಭಾಗ) ಪಟ್ಟವನ್ನು ಸತತ 11 ಬಾರಿ ಉಳಿಸಿಕೊಂಡವರು. ಕೌಶಲದಲ್ಲಿ ಅವರ ಸರಿಸಾಟಿಯಾಗಿ ನಿಲ್ಲಬಲ್ಲವರು ಬೆರಳೆಣಿಕೆಯಷ್ಟು ಮಂದಿ. ಆದರೂ ಅವರ ಹೆಸರಿಗೆ ಜನ ದುಡ್ಡು ಬಿಚ್ಚಲಿಲ್ಲ. 2018ರ ಅಕ್ಟೋಬರ್‌ನಲ್ಲಿ ಬೆನ್ ಆಸ್ಕ್ರೆನ್ ಎಂಬ ಆಟಗಾರನನ್ನು ಪಡೆಯುವ ಸಲುವಾಗಿ ಯುಎಫ್‌ಸಿ ಜಾನ್ಸನ್ ಅವರನ್ನು ಸಿಂಗಪುರದ ಒನ್ ಚಾಂಪಿಯನ್‌ಶಿಪ್ ಸಂಸ್ಥೆಗೆ ಬಿಟ್ಟುಕೊಟ್ಟಿತು. ಅದೇ ತಿಂಗಳು ಕಾನರ್ ಮೆಗ್ರೆಗರ್ ಮತ್ತು ಖಬೀಬ್ ನುರ್ಮಗೊಮೆದೊವ್ ಎದುರಾಗಿದ್ದ ಯುಎಫ್‌ಸಿ 229 ಸುಮಾರು 24 ಲಕ್ಷ ಪೇ-ಪರ್-ವ್ಯೂ (ಪ್ರತ್ಯೇಕ ಹಣ ಕೊಟ್ಟು ಮನೆಯಲ್ಲೇ ಪಂದ್ಯ ನೋಡುವ ವ್ಯವಸ್ಥೆ) ಮಾರಾಟದೊಂದಿಗೆ ಆ ಸಂಸ್ಥೆಯ ದಾಖಲೆಯನ್ನೇ ಮುರಿಯಿತು. ಆ ರಾತ್ರಿ ಮೆಗ್ರೆಗರ್ ಸೋತರು, ಆದರೆ ಅವರ ಮಾರುಕಟ್ಟೆ ಬೆಲೆ ಬೀಳಲಿಲ್ಲ.

ತಾರೆಯರನ್ನು ಬೆಳೆಸುವ ಕೆಲಸವನ್ನು ದಶಕಗಳಿಂದ ಕಸುಬಾಗಿ ಮಾಡಿಕೊಂಡು ಬಂದಿರುವುದು ವೃತ್ತಿಪರ ರೆಸ್ಲಿಂಗ್, ನಾವೆಲ್ಲ ಟಿವಿಯಲ್ಲಿ ಡಬ್ಲ್ಯುಡಬ್ಲ್ಯುಎಫ್ ಎಂದು ನೋಡಿ ಬೆಳೆದ ಅದೇ ಆಟ. ಅದರಲ್ಲಿ ಫಲಿತಾಂಶ ಮೊದಲೇ ತೀರ್ಮಾನವಾಗಿರುತ್ತದೆ. 1989ರಲ್ಲಿ ಆ ಕಂಪನಿಯೇ ಕ್ರೀಡಾ ನಿಯಂತ್ರಣದಿಂದ ಪಾರಾಗಲೆಂದು ನ್ಯೂಜೆರ್ಸಿಯ ಶಾಸಕರ ಮುಂದೆ ಇದು ಮನರಂಜನೆಯೆಂದು ಒಪ್ಪಿಕೊಂಡಿತು. ಹಾಗಾದರೆ ಸುಳ್ಳು ಕುಸ್ತಿಯಿಂದ ನಿಜವಾದ ಹೋರಾಟ ಕಲಿಯುವುದೇನು ಎಂದು ಕೋಚ್‌ಗಳು ಮೂಗು ಮುರಿಯುವುದುಂಟು. ಯಾರು ಗೆಲ್ಲಬೇಕೆಂದು ಬರೆದಿಡಬಹುದೇ ಹೊರತು ಯಾರಿಗೆ ಚಪ್ಪಾಳೆ ಬೀಳಬೇಕೆಂದು ಬರೆದಿಡಲು ಅಲ್ಲಿಯೂ ಸಾಧ್ಯವಿಲ್ಲ ಎಂಬುದನ್ನು ಅವರು ಗಮನಿಸಬೇಕು. 1996ರ ನವೆಂಬರ್‌ನಲ್ಲಿ ರಾಕಿ ಮೈವಿಯಾ ಎಂಬ ನಗುಮೊಗದ ಸಜ್ಜನನನ್ನು ಕಣಕ್ಕಿಳಿಸಿ, ಗೆಲ್ಲಿಸಿ, ಪಟ್ಟವನ್ನೂ ಕಟ್ಟಿದರು. ಜನ ಅವನನ್ನು ಒಕ್ಕೊರಲಿನಿಂದ ಹೀಯಾಳಿಸಿದರು. ಮರುವರ್ಷ ಆ ಹೀಯಾಳಿಕೆಯನ್ನೇ ಬಳಸಿಕೊಂಡು, ಜನರನ್ನು ತಿರುಗಿ ಕೆಣಕುವ ಖಳನಾಗಿ ನಿಂತ ಮೇಲೆಯೇ ಆತ ದಿ ರಾಕ್ ಆದದ್ದು.

ನನ್ನ ದೃಷ್ಟಿಯಲ್ಲಿ ಎಂಎಂಎ ರೆಸ್ಲಿಂಗ್‌ನಿಂದ ಕಲಿಯಬೇಕಾದದ್ದು ಒಂದೇ ಸಂಗತಿ: ಆಟಗಾರನ ಹೆಸರನ್ನು ಸೋಲಿಗೂ ಜಗ್ಗದಂತೆ ಕಟ್ಟುವುದು. ಫಲಿತಾಂಶ ಕೈಯಲ್ಲಿರುವ ರೆಸ್ಲಿಂಗ್‌ಗಿಂತ ಫಲಿತಾಂಶ ಯಾರ ಕೈಯಲ್ಲೂ ಇಲ್ಲದ ಎಂಎಂಎಗೆ ಇದರ ಅಗತ್ಯ ಹೆಚ್ಚು. ಮುಂದಿನದೆಲ್ಲ ಇದನ್ನು ಸಾಧಿಸುವ ಬಗೆ.

ಮೊದಲು ಆಳನ್ನು ನೋಡಿ

ಬಿರುದು, ಕೇಶವಿನ್ಯಾಸ, ಪೋಸ್ಟರ್ ಇವು ಯಾವುವನ್ನೂ ಮೊದಲು ಮುಟ್ಟಬೇಡಿ. ಆಟಗಾರನನ್ನೋ ಆಟಗಾರ್ತಿಯನ್ನೋ ಎದುರಿಗೆ ಕೂರಿಸಿಕೊಂಡು, ಮೊಬೈಲ್‌ನಲ್ಲಿ ರೆಕಾರ್ಡ್ ಮಾಡುತ್ತಾ ಅರ್ಧ ಗಂಟೆ ಮಾತನಾಡಿಸಿ. ಹೊಟ್ಟೆಪಾಡಿಗೆ ಏನು ಮಾಡುತ್ತೀಯ, ಜಿಮ್ಮಿಗೆ ಮೊದಲ ದಿನ ಬಂದದ್ದು ಏಕೆ, ಯಾರ ಕೈಯಲ್ಲಿ ಸೋತರೆ ನಿದ್ದೆ ಬರುವುದಿಲ್ಲ, ಮನೆಯಲ್ಲಿ ಈ ಆಟಕ್ಕೆ ಏನನ್ನುತ್ತಾರೆ ಎಂದು ಕೇಳಿ. ಆಮೇಲೆ ಆ ರೆಕಾರ್ಡಿಂಗನ್ನು ಆಟದ ಗಂಧಗಾಳಿಯಿಲ್ಲದ ಒಬ್ಬರಿಗೆ ಕೇಳಿಸಿ, ಅವರು ಎಲ್ಲಿ ತಲೆಯೆತ್ತಿ ನೋಡುತ್ತಾರೋ ಆ ಜಾಗವನ್ನು ಗುರುತು ಹಾಕಿಕೊಳ್ಳಿ. ನಿಮಗೆ ಬೇಕಾದ ಪಾತ್ರ ಅಲ್ಲಿದೆ.

ಸ್ಟೋನ್ ಕೋಲ್ಡ್ ಸ್ಟೀವ್ ಆಸ್ಟಿನ್ 1996ರ ಆರಂಭದಲ್ಲಿ ಡಬ್ಲ್ಯುಡಬ್ಲ್ಯುಎಫ್‌ಗೆ ಬಂದಾಗ ಅವರಿಗೆ ರಿಂಗ್‌ಮಾಸ್ಟರ್ ಎಂಬ ಹೆಸರನ್ನೂ ಅವರ ಪರವಾಗಿ ಮಾತನಾಡಲು ಒಬ್ಬ ಮ್ಯಾನೇಜರನ್ನೂ ಕೊಟ್ಟಿದ್ದರು. ಅದು ಯಾರಿಗೂ ಹಿಡಿಸಲಿಲ್ಲ. ತಮ್ಮದೇ ಒರಟುತನವನ್ನು ಒಂದು ಪಟ್ಟು ಹೆಚ್ಚಿಸಿ ಮೈಕ್ ಹಿಡಿದ ಮೇಲೆ, ಅದೇ ವರ್ಷದ ಜೂನ್‌ನಲ್ಲಿ, ಅವರ ದಿಕ್ಕು ಬದಲಾಯಿತು. ಮೆಗ್ರೆಗರ್ ಡಬ್ಲಿನ್‌ನಲ್ಲಿ ಪ್ಲಂಬರ್ ಕೆಲಸ ಕಲಿಯುತ್ತಿದ್ದ ಸಂಗತಿಯನ್ನು ಅವರ ಅಭಿಮಾನಿಗಳೆಲ್ಲ ಬಲ್ಲರು. ನಮ್ಮ ಕಡೆ ಇಂತಹದ್ದಕ್ಕೆ ಬರವಿಲ್ಲ. ತಿಪಟೂರಿನ ಕಡೆ ತೆಂಗಿನಕಾಯಿ ಸುಲಿದು ಮುಂಗೈ ಗಟ್ಟಿ ಮಾಡಿಕೊಂಡ ಹುಡುಗನಿರಬಹುದು, ಕೋಲಾರದ ಎಪಿಎಂಸಿಯಲ್ಲಿ ನಸುಕಿನಲ್ಲಿ ಟೊಮೆಟೊ ಕ್ರೇಟ್ ಹೊತ್ತು ಆಮೇಲೆ ಅಭ್ಯಾಸಕ್ಕೆ ಬರುವವನಿರಬಹುದು, ಶಿಡ್ಲಘಟ್ಟದ ರೇಷ್ಮೆ ಕೆಲಸದ ಮನೆಯಿಂದ ಬಂದ ಹುಡುಗಿಯಿರಬಹುದು. ಇದನ್ನು ಬಿಟ್ಟು "ಬೀಸ್ಟ್", "ಕಿಲ್ಲರ್" ಎಂದು ಬರೆದ ಟೀ ಶರ್ಟ್ ತೊಡಿಸಿದರೆ ಅವರು ಎಲ್ಲರಂತೆಯೇ ಕಾಣುತ್ತಾರೆ.

ಹೆಸರಿನ ಮುಂದೆ ಊರನ್ನು ಇಡಿ. ಗುಬ್ಬಿ ವೀರಣ್ಣನವರ ನಾಟಕ ಕಂಪನಿ ನಾಡಿನಾದ್ಯಂತ ಕ್ಯಾಂಪ್ ಹಾಕಿದಾಗಲೂ ತುಮಕೂರು ಜಿಲ್ಲೆಯ ಆ ಸಣ್ಣ ಊರಿನ ಹೆಸರು ಅದರ ಜೊತೆಗೇ ಹೋಯಿತು. ಗರಡಿ ಮನೆಯ ಪೈಲ್ವಾನರಿಗೂ ಇದೇ ರೂಢಿ. ಊರಿನ ಹೆಸರಿದ್ದರೆ ಆಟಗಾರನ ಮುಖ ಕಾಣದವರೂ ಅವನ ಪಕ್ಷ ವಹಿಸುತ್ತಾರೆ.

ಪ್ರವೇಶಕ್ಕೆ ಒಂದು ಗುರುತು ಸಾಕು, ಎರಡು ಬೇಡ. ಖಬೀಬ್ ತಮ್ಮ ದಾಗೆಸ್ತಾನದ ಉಣ್ಣೆಯ ಟೋಪಿಯೊಂದನ್ನು ಬಿಟ್ಟರೆ ಬೇರೆ ಗುರುತು ಬಳಸಲಿಲ್ಲ, ರೆಸ್ಲರ್ ಅಂಡರ್‌ಟೇಕರ್ ಬರುವುದನ್ನು ಘಂಟಾನಾದವೊಂದೇ ಸಾರುತ್ತಿತ್ತು. ಗರಡಿಯಲ್ಲಿ ಬೆಳೆದವನಾದರೆ ಮಣ್ಣು ಮುಟ್ಟಿ ನಮಸ್ಕರಿಸಿ ತೊಡೆ ತಟ್ಟಲಿ, ಅದರ ಅರ್ಥವನ್ನು ಯಾರಿಗೂ ವಿವರಿಸಬೇಕಿಲ್ಲ. ಸಂಗೀತಕ್ಕೆ ಸಿನಿಮಾ ಹಾಡು ಹಾಕಿದರೆ ಆ ವಿಡಿಯೊವನ್ನು ಯೂಟ್ಯೂಬ್‌ಗೆ ಏರಿಸಿದಾಗ ಹಕ್ಕುಸ್ವಾಮ್ಯದ ತಕರಾರು ಬರುತ್ತದೆ. ಚಿಕ್ಕಬಳ್ಳಾಪುರ ಜಿಲ್ಲೆಯ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ತಂದುಕೊಟ್ಟ ತಮಟೆ ನಮ್ಮಲ್ಲೇ ಇರುವಾಗ ಆ ತಂಟೆ ಏಕೆ? ಆದರೆ ಪ್ರವೇಶವನ್ನೇ ನೆಚ್ಚಿ ಕೂರುವುದೂ ಅಪಾಯ. 2022ರ ಜುಲೈನಲ್ಲಿ ಯುಎಫ್‌ಸಿಯ ಇಸ್ರೇಲ್ ಅಡೆಸಾನ್ಯ ಅಂಡರ್‌ಟೇಕರ್‌ನ ಸಂಗೀತ, ಟೋಪಿಗಳೊಂದಿಗೆ ಅದ್ಭುತವಾಗಿ ಕೇಜಿಗೆ ಬಂದರು, ಬಳಿಕ ಐದು ಸುತ್ತು ಎಚ್ಚರಿಕೆಯಿಂದ ಆಡಿ ಗೆದ್ದರು, ಜನ ಬೇಸರಗೊಂಡು ಕೂಗಿದರು.

ಮಾತು

ಮೂಡಲಪಾಯ ಯಕ್ಷಗಾನ ನೋಡಿದವರಿಗೆ ರೆಸ್ಲಿಂಗ್‌ನ ಪ್ರೋಮೋ, ಅಂದರೆ ಪಂದ್ಯಕ್ಕೆ ಮುನ್ನ ಮೈಕ್ ಹಿಡಿದು ಆಡುವ ಸವಾಲಿನ ಮಾತು, ಹೊಸದೆನಿಸುವುದಿಲ್ಲ. ವೇಷ ರಂಗಕ್ಕೆ ಬಂದ ಕೂಡಲೇ ಕಥೆ ಮುಂದುವರಿಯುವುದಿಲ್ಲ. ತಾವು ಯಾರು, ಎಲ್ಲಿಂದ ಬಂದಿರಿ ಎಂದು ಸಾರಥಿ ವಿಚಾರಿಸುತ್ತಾನೆ, ವೇಷಧಾರಿ ತನ್ನ ಊರು, ಕುಲ, ಪರಾಕ್ರಮಗಳನ್ನು ತಾನೇ ಸಾರಿಕೊಳ್ಳುತ್ತಾನೆ, ಅದಾದ ಮೇಲೆಯೇ ಯುದ್ಧ. ರೆಸ್ಲಿಂಗ್‌ನಲ್ಲಿ ಮೈಕ್ ಹಿಡಿದು ಪ್ರಶ್ನೆ ಕೇಳುವ ನಿರೂಪಕನ ಕೆಲಸವೂ ಇದೇ. ಎಂಎಂಎಯಲ್ಲಿ ಮಾತ್ರ ತೂಕ ನೋಡಿ, ಎತ್ತರ ಹೇಳಿ, ಗಂಟೆ ಬಾರಿಸಿಬಿಡುತ್ತಾರೆ.

ಒಂದು ನಿಮಿಷದೊಳಗಿನ ವಿಡಿಯೊ ಮಾಡಿಸಿ. ನಾನು ಯಾರು, ಎದುರಾಳಿಯ ಮೇಲೆ ನನಗೇನು ತಕರಾರು, ಅವನ ಬಲವೇನು, ಅದನ್ನು ನಾನು ಹೇಗೆ ಮುರಿಯುತ್ತೇನೆ ಎಂಬ ನಾಲ್ಕು ಪ್ರಶ್ನೆಗಳಿಗೆ ಅದರಲ್ಲಿ ಉತ್ತರವಿರಲಿ. ಮೂರನೆಯದನ್ನು ಎಲ್ಲರೂ ಮರೆಯುತ್ತಾರೆ. ಎದುರಾಳಿಯನ್ನು ಕೈಲಾಗದವನೆಂದು ಜರೆದರೆ, ಗೆದ್ದಾಗ ಕೈಲಾಗದವನನ್ನು ಗೆದ್ದಂತೆ, ಸೋತಾಗ ಕೈಲಾಗದವನ ಮುಂದೆ ಸೋತಂತೆ ಆಗುತ್ತದೆ. ಒಳ್ಳೆಯ ಖಳ ಎದುರಾಳಿಯ ಪರಾಕ್ರಮವನ್ನು ಒಪ್ಪಿಕೊಂಡೇ ತಾನು ಅದಕ್ಕಿಂತ ಮೇಲೆಂದು ಹೇಳುತ್ತಾನೆ. ಮುಹಮ್ಮದ್ ಅಲಿ ಹತ್ತೊಂಬತ್ತರ ಹರೆಯದಲ್ಲಿ, 1961ರಲ್ಲಿ, ಲಾಸ್ ವೇಗಸ್‌ನಲ್ಲಿ ಗಾರ್ಜಿಯಸ್ ಜಾರ್ಜ್ ಎಂಬ ಜಂಬದ ರೆಸ್ಲರ್‌ನನ್ನು ಕಂಡು, ಅವನು ಸೋಲುವುದನ್ನು ನೋಡಲೆಂದೇ ಜನ ಹಣ ಕೊಟ್ಟು ಬರುತ್ತಾರೆಂಬುದನ್ನು ಅರಿತುಕೊಂಡಿದ್ದಾಗಿ ತಾವೇ ಹೇಳಿಕೊಂಡಿದ್ದಾರೆ.

ಭಾಷೆ ಆಟಗಾರನ ಮನೆಯದೇ ಆಗಿರಲಿ. ಕೋಲಾರ, ಚಿಂತಾಮಣಿ, ಬಾಗೇಪಲ್ಲಿ ಕಡೆಯವರ ಮಾತಿನಲ್ಲಿ ಕನ್ನಡದೊಂದಿಗೆ ತೆಲುಗು ಬೆರೆತಿರುವುದು ಸಹಜ. ಅದನ್ನು ತಿದ್ದಿ ಬೆಂಗಳೂರಿನ ರೇಡಿಯೊ ಕನ್ನಡ ಮಾಡಿಸಿದರೆ ಜೀವವೇ ಹೋಗುತ್ತದೆ. ಮಾತೇ ಬಾರದ ಆಟಗಾರನಿಗೂ ದಾರಿಯಿದೆ. ರೆಸ್ಲಿಂಗ್‌ನಲ್ಲಿ ಬ್ರಾಕ್ ಲೆಸ್ನರ್ ಹೆಚ್ಚು ಮಾತನಾಡದೆ ಪಕ್ಕದಲ್ಲಿ ನಿಂತಿರುತ್ತಿದ್ದರು, ಪಾಲ್ ಹೇಮನ್ ಅವರ ಪರವಾಗಿ ಮಾತಿನ ಮಳೆ ಸುರಿಸುತ್ತಿದ್ದರು. ನಿಮ್ಮ ಜಿಮ್ಮಿನಲ್ಲೂ ಹೊಡೆದಾಡಲು ಬಾರದಿದ್ದರೂ ಬಾಯಿ ಚುರುಕಾಗಿರುವ ಒಬ್ಬನಿದ್ದೇ ಇರುತ್ತಾನೆ. ಊರಿನ ಪೌರಾಣಿಕ ನಾಟಕದಲ್ಲಿ ದುರ್ಯೋಧನನ ಪಾತ್ರ ಮಾಡಿ ಪಳಗಿದವರು ಸಿಕ್ಕರಂತೂ ಬಿಡಬೇಡಿ.

ಜೋಡಿ ಕಟ್ಟುವುದು

ಮೈಸೂರು ದಸರಾ ಕುಸ್ತಿಗೆ ಮುನ್ನ ಜೋಡಿ ಕಟ್ಟುವುದನ್ನೇ ಒಂದು ಕಾರ್ಯಕ್ರಮವಾಗಿ ನಡೆಸುತ್ತಾರೆ. ಅದನ್ನು ಹಾಗೆಯೇ ಎರವಲು ಪಡೆಯಿರಿ. ಹತ್ತು ಪಂದ್ಯಗಳ ಪಟ್ಟಿಯಿದ್ದರೆ ಹತ್ತಕ್ಕೂ ಪ್ರಚಾರ ಕೊಡಲು ಹೋಗದೆ, ಎರಡನ್ನು ಆರಿಸಿ, ಆ ನಾಲ್ವರನ್ನು ಮಾತ್ರ ಒಂದು ತಿಂಗಳು ಮೊದಲೇ ಸಾರ್ವಜನಿಕರ ಮುಂದೆ ಎದುರುಬದುರು ನಿಲ್ಲಿಸಿ.

ಆರಿಸುವಾಗ ಕೇಳಿಕೊಳ್ಳಬೇಕಾದ ಪ್ರಶ್ನೆ ಇದು: ಇವರಿಬ್ಬರು ಏಕೆ ಆಡಬೇಕು ಎಂಬುದನ್ನು ಚಹಾ ಅಂಗಡಿಯಲ್ಲಿ ಒಂದೇ ವಾಕ್ಯದಲ್ಲಿ ಹೇಳಬಹುದೇ? 1993ರ ನವೆಂಬರ್‌ನಲ್ಲಿ ಡೆನ್ವರ್‌ನಲ್ಲಿ ನಡೆದ ಮೊದಲ ಯುಎಫ್‌ಸಿಗೆ ಅಂತಹ ವಾಕ್ಯವಿತ್ತು, ಯಾವ ವಿದ್ಯೆ ಮೇಲು ಎಂಬುದು. ಮಣ್ಣಿನ ಗರಡಿಯಿಂದ ಬಂದ ಪೈಲ್ವಾನನಿಗೂ ಕಿಕ್‌ಬಾಕ್ಸಿಂಗ್ ಕಲಿತವನಿಗೂ ಜೋಡಿ ಕಟ್ಟಿದರೆ ತುಮಕೂರಿನಲ್ಲಿ ಇಂದಿಗೂ ಆ ಪ್ರಶ್ನೆಗೆ ಬೆಲೆಯಿದೆ. ಹಿಂದೆ ಕಡಿಮೆ ಅಂತರದಲ್ಲಿ ಮುಗಿದ ಪಂದ್ಯದ ಮರುಪಂದ್ಯ ಆಗಬಹುದು, ಒಂದು ಜಿಮ್ ಬಿಟ್ಟು ಇನ್ನೊಂದಕ್ಕೆ ಹೋದ ಶಿಷ್ಯ ಆಗಬಹುದು. ಕಾರಣ ನಿಜವಾಗಿರಬೇಕು. ಇಲ್ಲದ ದ್ವೇಷವನ್ನು ಹುಟ್ಟುಹಾಕಿದರೆ ಸಣ್ಣ ಊರಿನಲ್ಲಿ ಅದು ಒಂದೇ ವಾರದಲ್ಲಿ ಬಯಲಾಗುತ್ತದೆ, ಇಬ್ಬರೂ ಒಂದೇ ಬೈಕಿನಲ್ಲಿ ಹೋಗುವುದನ್ನು ಯಾರಾದರೂ ನೋಡಿಯೇ ಇರುತ್ತಾರೆ.

ತಾರೆಯ ದಾಖಲೆ ಬೆಳೆಸಲು ಅನನುಭವಿಯನ್ನು ಎದುರಿಗೆ ನಿಲ್ಲಿಸುವ ಚಾಳಿಯನ್ನು ರೆಸ್ಲಿಂಗ್‌ನಿಂದ ಎರವಲು ತರಬೇಡಿ. ಅಲ್ಲಿ ಸೋಲುವವನು ನಟ, ಇಲ್ಲಿ ಅವನ ತಲೆಗೆ ನಿಜವಾದ ಪೆಟ್ಟು ಬೀಳುತ್ತದೆ.

ಸೋಲಿಗೆ ಸಿದ್ಧತೆ

ಇಡೀ ವಿದ್ಯೆಯ ತಿರುಳು ಇಲ್ಲಿದೆ, ಎಂಎಂಎ ಸಂಘಟಕರು ತೀರಾ ಅಸಡ್ಡೆ ಮಾಡುವುದೂ ಇಲ್ಲಿಯೇ. 1997ರ ಮಾರ್ಚ್‌ನಲ್ಲಿ, ಡಬ್ಲ್ಯುಡಬ್ಲ್ಯುಎಫ್‌ನ ವಾರ್ಷಿಕ ಮಹಾಮೇಳವಾದ ರೆಸಲ್‌ಮೇನಿಯಾ 13ರಲ್ಲಿ, ಆಸ್ಟಿನ್ ಬ್ರೆಟ್ ಹಾರ್ಟ್ ವಿರುದ್ಧ ಸೋತರು. ಮುಖದ ತುಂಬ ರಕ್ತ ಹರಿಯುತ್ತಿದ್ದರೂ ಬ್ರೆಟ್ ಹಾಕಿದ ಪಟ್ಟಿನಲ್ಲಿ ಸೋಲೊಪ್ಪದೆ ಪ್ರಜ್ಞೆ ತಪ್ಪಿದಂತೆ ಆ ಪಂದ್ಯವನ್ನು ಮುಗಿಸಿದರು. ಖಳನಾಗಿ ಒಳಗೆ ಬಂದವರು ನಾಯಕನಾಗಿ ಹೊರನಡೆದರು, ಗೆದ್ದ ಬ್ರೆಟ್ ಖಳನಾದರು. ಅದು ಬರೆದಿಟ್ಟ ಆಟವೆನ್ನುವಿರಾದರೆ, ಎಂಎಂಎಯಲ್ಲಿ ಬರೆಯದೆಯೇ ನಡೆದದ್ದನ್ನು ನೋಡಿ. 2005ರ ಜನವರಿಯಲ್ಲಿ, ನಷ್ಟದಲ್ಲಿದ್ದ ಯುಎಫ್‌ಸಿ ಒಂದು ರಿಯಾಲಿಟಿ ಶೋ ಆರಂಭಿಸಿತು. ಅದೂ ಸ್ಪೈಕ್ ಟಿವಿಯಲ್ಲಿ ಡಬ್ಲ್ಯುಡಬ್ಲ್ಯುಇಯ (ಡಬ್ಲ್ಯುಡಬ್ಲ್ಯುಎಫ್‌ನ ಹೊಸ ಹೆಸರು) ವಾರದ ಕಾರ್ಯಕ್ರಮ ರಾ ಮುಗಿದ ಬೆನ್ನಿಗೆ, ಅದರ ಪ್ರೇಕ್ಷಕರನ್ನೇ ನಂಬಿಕೊಂಡು. ಏಪ್ರಿಲ್‌ನ ಅಂತಿಮ ಪಂದ್ಯದಲ್ಲಿ ಫಾರೆಸ್ಟ್ ಗ್ರಿಫಿನ್ ಮತ್ತು ಸ್ಟೀಫನ್ ಬೋನರ್ ಮೂರು ಸುತ್ತು ಬಿಡದೆ ಬಡಿದಾಡಿದರು. ಗ್ರಿಫಿನ್ ಗೆದ್ದರು, ಆದರೆ ಸೋತ ಬೋನರ್‌ಗೂ ಅದೇ ರಾತ್ರಿ ಯುಎಫ್‌ಸಿ ಒಪ್ಪಂದ ಸಿಕ್ಕಿತು. ಇಬ್ಬರನ್ನೂ ಜನ ವಾರಗಟ್ಟಲೆ ಮನೆಯವರಂತೆ ನೋಡಿದ್ದರು. ಜಪಾನಿನ ಕಜುಶಿ ಸಕುರಾಬಾ ರೆಸ್ಲಿಂಗ್‌ನಿಂದಲೇ ಬಂದವರು. ತಮಗಿಂತ ಭಾರದ ವಾಂಡರ್ಲೇ ಸಿಲ್ವಾ ಕೈಯಲ್ಲಿ ಮೂರು ಬಾರಿ ಸೋತರೂ ಅಲ್ಲಿನ ಜನ ಅವರನ್ನು ಕೈಬಿಡಲಿಲ್ಲ.

ಇದಕ್ಕೆ ವ್ಯತಿರಿಕ್ತವಾದದ್ದು ಯುಎಫ್‌ಸಿ ಚಾಂಪಿಯನ್ ಆಗಿದ್ದ ರೋಂಡಾ ರೌಸಿ ಅವರ ಕಥೆ. ಅವರ ಪ್ರಚಾರವೆಲ್ಲ ಅಜೇಯತೆಯೊಂದರ ಮೇಲೆಯೇ ನಿಂತಿತ್ತು. 2015ರ ನವೆಂಬರ್‌ನಲ್ಲಿ ಮೆಲ್ಬರ್ನ್‌ನಲ್ಲಿ ಹಾಲಿ ಹೋಮ್ ಅವರ ಒಂದು ಒದೆತಕ್ಕೆ ಅದು ಕುಸಿಯಿತು. ಮರುವರ್ಷ ಪತ್ರಕರ್ತರೊಂದಿಗೆ ಮಾತೂ ಆಡದೆ ಬಂದು ಅಮಾಂಡಾ ನ್ಯೂನ್ಸ್ ಎದುರು 48 ಸೆಕೆಂಡುಗಳಲ್ಲಿ ಸೋತು ಆಟದಿಂದಲೇ ಸರಿದರು. 2018ರಲ್ಲಿ ಅವರು ಸೇರಿದ್ದು ಡಬ್ಲ್ಯುಡಬ್ಲ್ಯುಇ. ಅಷ್ಟು ದೊಡ್ಡ ಆಟಗಾರ್ತಿಗೆ ಸೋತ ಮೇಲೆ ನಿಲ್ಲಲು ಒಂದು ಜಾಗವನ್ನು ಯಾರೂ ಮೊದಲೇ ಕಟ್ಟಿರಲಿಲ್ಲ ಎಂಬುದು ನನಗೆ ಇಂದಿಗೂ ವ್ಯವಸ್ಥೆಯ ತಪ್ಪಾಗಿಯೇ ಕಾಣುತ್ತದೆ.

ಆದ್ದರಿಂದ ಪಂದ್ಯಕ್ಕೆ ಮೊದಲೇ, "ಸೋಲೇ ಇಲ್ಲದವನು" ಎಂಬ ಮಾತನ್ನು ಪೋಸ್ಟರ್‌ನಿಂದ ತೆಗೆಯಿರಿ. ಅದರ ಜಾಗದಲ್ಲಿ ಅವನು ಹೇಗೆ ಆಡುತ್ತಾನೆಂಬುದನ್ನು ಹೇಳಿ: ಹಿಂದೆ ಸರಿಯದವನು, ಕೊನೆಯ ಸುತ್ತಿನಲ್ಲಿ ಏಳುವವನು, ಕೆಳಗೆ ಬಿದ್ದರೂ ಪಟ್ಟು ಹುಡುಕುವವನು. ಸೋತ ದಿನವೂ ಇವು ನಿಜವಾಗಿಯೇ ಉಳಿಯುತ್ತವೆ. ಪಂದ್ಯ ಮುಗಿದ ಮೇಲೆ ವೈದ್ಯರು ಪರೀಕ್ಷಿಸಿ ಒಪ್ಪಿಗೆ ಕೊಟ್ಟರೆ, ಗೆದ್ದವನ ನಂತರ ಸೋತವನ ಕೈಗೂ ಮೈಕ್ ಕೊಡಿ. ಹೆಚ್ಚಿನ ಕಡೆ ಅವನನ್ನು ಹಿಂಬಾಗಿಲಿನಿಂದ ಕಳಿಸಿಬಿಡುತ್ತಾರೆ. ತಲೆಗೆ ಪೆಟ್ಟು ಬಿದ್ದಿದ್ದರೆ ಆ ರಾತ್ರಿ ಮಾತನಾಡಿಸಲೇಬಾರದು, ಎರಡು ದಿನ ಬಿಟ್ಟು ಮನೆಯ ಜಗುಲಿಯಲ್ಲಿ ಕೂರಿಸಿ ಚಿತ್ರೀಕರಿಸಿ. ನೆಪ ಹೇಳುವುದು ಬೇಡ. ಏನಾಯಿತು, ಎಲ್ಲಿ ಸಿಕ್ಕಿಬಿದ್ದೆ, ಮುಂದೆ ಏನನ್ನು ಅಭ್ಯಾಸ ಮಾಡುತ್ತೇನೆ ಎಂಬಷ್ಟೇ ಸಾಕು. ಚೇಲ್ ಸೊನ್ನೆನ್ 2010ರ ಆಗಸ್ಟ್‌ನಲ್ಲಿ ಆಂಡರ್ಸನ್ ಸಿಲ್ವಾ ಅವರನ್ನು ನಾಲ್ಕು ಸುತ್ತು ಮಣಿಸಿ, ಐದನೆಯದರಲ್ಲಿ ಪಟ್ಟಿಗೆ ಸಿಕ್ಕಿ ಸೋತರು. ಅಲ್ಲಿಯವರೆಗೆ ಅವರನ್ನು ಬಾಯಿಬಡುಕನೆಂದವರೂ ಮರುಪಂದ್ಯ ಕೇಳತೊಡಗಿದರು. ನಿಮ್ಮ ಆಟಗಾರನ ಸೋಲಿನಲ್ಲೂ ಇಂತಹ ಒಂದು ಕ್ಷಣವಿದ್ದರೆ, ಆ ಇಪ್ಪತ್ತು ಸೆಕೆಂಡಿನ ತುಣುಕನ್ನೇ ಮೊದಲು ಹಂಚಿ.

ಎಲ್ಲಿ ನಿಲ್ಲಬೇಕು

ಯುಎಫ್‌ಸಿ 229ರ ಮಾರಾಟದ ಅಂಕಿಯನ್ನು ಹೇಳಿದವನು ಅದರ ಇನ್ನೊಂದು ಮುಖವನ್ನೂ ಹೇಳಬೇಕು. 2018ರ ಏಪ್ರಿಲ್‌ನಲ್ಲಿ ಬ್ರೂಕ್ಲಿನ್‌ನಲ್ಲಿ ಮೆಗ್ರೆಗರ್ ಆಟಗಾರರಿದ್ದ ಬಸ್ಸಿನ ಕಿಟಕಿಗೆ ಸಾಮಾನು ಸಾಗಿಸುವ ಕೈಗಾಡಿ ಎಸೆದು ಕೆಲವರನ್ನು ಗಾಯಗೊಳಿಸಿದರು, ಆ ದೃಶ್ಯವನ್ನೇ ಪ್ರಚಾರಕ್ಕೆ ಬಳಸಲಾಯಿತು, ಪಂದ್ಯ ಮುಗಿದ ಕ್ಷಣವೇ ಖಬೀಬ್ ಕೇಜ್ ಹಾರಿ ಎದುರಾಳಿಯ ಕಡೆಯವರ ಮೇಲೆ ಎರಗಿದರು. ಪಂದ್ಯ ನಡೆದ ನೆವಾಡಾ ರಾಜ್ಯದ ಕ್ರೀಡಾ ಆಯೋಗ ಖಬೀಬ್‌ಗೆ 5 ಲಕ್ಷ ಡಾಲರ್, ಮೆಗ್ರೆಗರ್‌ಗೆ 50 ಸಾವಿರ ಡಾಲರ್ ದಂಡ ಹಾಕಿತು. 2023ರ ಡಿಸೆಂಬರ್‌ನಲ್ಲಿ ಕೋಲ್ಬಿ ಕೋವಿಂಗ್ಟನ್ ಖಳನ ಪಾತ್ರದ ನೆಪದಲ್ಲಿ ಲಿಯಾನ್ ಎಡ್ವರ್ಡ್ಸ್ ಅವರ ಕೊಲೆಯಾದ ತಂದೆಯ ಬಗ್ಗೆ ಹೀನಾಯವಾಗಿ ಮಾತನಾಡಿದಾಗ, ಕೇಳಿದವರಿಗೆ ಹೇಸಿಗೆಯಾಯಿತೇ ಹೊರತು ಪಂದ್ಯದ ತೂಕ ಹೆಚ್ಚಲಿಲ್ಲ.

ಜಾತಿ, ಧರ್ಮ, ತಂದೆ-ತಾಯಿ, ಮನೆಯ ಹೆಣ್ಣುಮಕ್ಕಳು ಇವು ಮಾತಿನಲ್ಲಿ ಬರಕೂಡದು ಎಂದು ಇಬ್ಬರಿಂದಲೂ ಮೊದಲೇ ಬರೆಸಿಕೊಳ್ಳಿ. ನಮ್ಮ ಊರುಗಳಲ್ಲಿ ಇಂತಹ ಒಂದು ಮಾತು ಕೇಜಿನೊಳಗೆ ಉಳಿಯುವುದಿಲ್ಲ, ಎರಡು ಬೀದಿಗಳ ಜಗಳವಾಗುತ್ತದೆ. ಫ್ಲೆಕ್ಸ್‌ನಲ್ಲಿ ರಾಜಕಾರಣಿಗಳ ಮುಖ ಆಟಗಾರನ ಮುಖಕ್ಕಿಂತ ದೊಡ್ಡದಾಗಿರುವುದೂ ನನ್ನ ಮಟ್ಟಿಗೆ ಒಂದು ಬಗೆಯ ಅವಮಾನವೇ. ಫಲಿತಾಂಶವನ್ನು ಹೊಂದಿಸಿಕೊಳ್ಳುವ ಆಲೋಚನೆ ಬಂದವರು ಎಂಎಂಎ ಬಿಟ್ಟು ರೆಸ್ಲಿಂಗ್ ಸಂಸ್ಥೆಯನ್ನೇ ತೆರೆಯಲಿ, ಅದೂ ಮರ್ಯಾದೆಯ ಕಸುಬೇ. ಪೊಲೀಸ್ ಅನುಮತಿ, ಕೇಜ್ ಪಕ್ಕದಲ್ಲಿ ವೈದ್ಯರು, ಬಾಗಿಲಲ್ಲಿ ಆಂಬುಲೆನ್ಸ್ ಇಲ್ಲದೆ ಪಂದ್ಯ ಆರಂಭಿಸಬೇಡಿ. 2022ರಲ್ಲಿ ಬೆಂಗಳೂರಿನ ಕಿಕ್‌ಬಾಕ್ಸಿಂಗ್ ಪಂದ್ಯವೊಂದರಲ್ಲಿ ಪೆಟ್ಟು ತಿಂದ ಯುವಕನೊಬ್ಬ ಪ್ರಾಣ ಕಳೆದುಕೊಂಡದ್ದನ್ನು ಈ ಕ್ಷೇತ್ರದವರು ಮರೆಯುವಂತಿಲ್ಲ.

ಎರಡು ಪಂದ್ಯಗಳ ನಡುವೆ

ರಾ 1993ರಿಂದ ವಾರವಾರವೂ ಬರುತ್ತಿದೆ, ಅದರ ತಾರೆಯರನ್ನು ಜನ ವಾರವಾರವೂ ನೋಡುತ್ತಾರೆ. ಎಂಎಂಎ ಆಟಗಾರ ವರ್ಷಕ್ಕೆ ಎರಡು ಮೂರು ಸಲ ಆಡಿದರೆ ಹೆಚ್ಚು. ನಡುವಿನ ತಿಂಗಳುಗಳನ್ನು ತುಂಬದಿದ್ದರೆ ಕಟ್ಟಿದ್ದೆಲ್ಲ ಕರಗುತ್ತದೆ. ವಾರಕ್ಕೊಂದು ಸಣ್ಣ ವಿಡಿಯೊ, ತಿಂಗಳಿಗೊಮ್ಮೆ ತುಮಕೂರಿನ ಮಹಾತ್ಮ ಗಾಂಧಿ ಕ್ರೀಡಾಂಗಣದಂತಹ ಜನ ಸೇರುವ ಜಾಗದಲ್ಲಿ ಅನುಮತಿ ಪಡೆದು ಬಹಿರಂಗ ಅಭ್ಯಾಸ, ಶಾಲೆಗಳ ಕ್ರೀಡಾ ದಿನಗಳಲ್ಲಿ ಮಕ್ಕಳಿಗೆ ಬೀಳುವ ಏಳುವ ಪಾಠ, ಇಷ್ಟಾದರೂ ನಡೆಯಲಿ. ವಿಡಿಯೊದಲ್ಲಿ ಪಂಚಿಂಗ್ ಬ್ಯಾಗ್ ಹೊಡೆಯುವುದನ್ನೇ ತೋರಿಸುತ್ತಿದ್ದರೆ ಮೂರನೆಯ ವಾರಕ್ಕೆ ಯಾರೂ ನೋಡುವುದಿಲ್ಲ. ಕೆಲಸಕ್ಕೆ ಹೋಗುವುದು, ತೂಕ ಇಳಿಸುವಾಗ ಮನೆಯಲ್ಲಿ ಮುದ್ದೆ ಬೇಡವೆಂದದ್ದಕ್ಕೆ ಅಮ್ಮ ಬೈಯುವುದು, ಇವಕ್ಕೆ ಹೆಚ್ಚು ನೋಡುಗರಿರುತ್ತಾರೆ.

ತೊಂಬತ್ತರ ದಶಕದಲ್ಲಿ ಬೆಳೆದವರಿಗೆ ಡಬ್ಲ್ಯುಡಬ್ಲ್ಯುಎಫ್‌ನ ಟ್ರಂಪ್ ಕಾರ್ಡ್‌ಗಳು ನೆನಪಿರುತ್ತವೆ. ಪಂದ್ಯ ನೋಡದ ಮಕ್ಕಳಿಗೂ ಆಟಗಾರರ ಎತ್ತರ, ತೂಕ, ತೋಳಿನ ಅಳತೆ ಬಾಯಿಪಾಠವಾಗಿದ್ದದ್ದು ಆ ಕಾರ್ಡ್‌ಗಳಿಂದ. ನಿಮ್ಮ ಜಿಮ್ಮಿನ ಆಟಗಾರರಿಗೂ ಅಂತಹ ಕಾರ್ಡ್ ಮುದ್ರಿಸಿ ಶಾಲೆಗಳ ಬಳಿ, ಜಾತ್ರೆಗಳಲ್ಲಿ ಹಂಚಿ. ಮುಂಭಾಗದಲ್ಲಿ ಫೋಟೊ, ಊರಿನ ಜೊತೆಗಿನ ಹೆಸರು, ತೂಕ, ನೆಚ್ಚಿನ ಪಟ್ಟು, ಗೆಲುವಿನ ಸಂಖ್ಯೆ ಮತ್ತು ಅಷ್ಟೇ ದೊಡ್ಡ ಅಕ್ಷರದಲ್ಲಿ ಸೋಲಿನ ಸಂಖ್ಯೆ ಇರಲಿ. ಹಿಂಭಾಗದಲ್ಲಿ ಮುಂದಿನ ಪಂದ್ಯದ ದಿನಾಂಕ, ಎದುರಾಳಿಯ ಹೆಸರು ಮತ್ತು ಟಿಕೆಟ್ ಸಿಗುವ ಅಂಗಡಿಯ ವಿಳಾಸವಿರಲಿ.